ಹತ್ತರೆದುರು ಒಂದು

1952ರ ಹೆಲ್ಸಿಂಕಿ ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಭಾರತ ಯುಗೊಸ್ಲಾವಿಯದ ಎದುರು 10-1ರಿಂದ ಸೋತಿತು. ಆ ಹತ್ತರ ಮಾತು ಆಗಾಗ ಬರುತ್ತದೆ. ಆಟ ಮುಗಿಯುವ ಹೊತ್ತಿಗೆ ಬಂದ ಆ ಒಂದು ಗೋಲು ಬೆಂಗಳೂರಿನ ಅಹಮದ್ ಖಾನ್ ಅವರದು ಎಂಬುದನ್ನು ನಾವು ಕನ್ನಡಿಗರೇ ಹೇಳಿಕೊಳ್ಳುವುದಿಲ್ಲ. ನಾನಿರುವ ಉಣಕಲ್ಲಿನಲ್ಲಿ ಹಳೆಯ ಪೈಲವಾನರ ಮಾತು ಬಂದಷ್ಟು ಫುಟ್ಬಾಲಿನ ಮಾತು ಬರುವುದಿಲ್ಲ. ಆದರೆ ಈ ಹೆಸರನ್ನು ಕಲ್ಕತ್ತಾ ಮರೆತಿಲ್ಲ.

ಅಹಮದ್ ಖಾನ್ ಹುಟ್ಟಿದ್ದು 1926ರಲ್ಲಿ. ಬ್ರಿಟಿಷ್ ದಂಡಿನ ಊರಾಗಿದ್ದ ಬೆಂಗಳೂರಿಗೆ ಫುಟ್ಬಾಲ್ ಸೈನಿಕರ ಜೊತೆ ಬಂದಿತ್ತು. ಬಿಳಿಯರ ಪಡೆಗಳೇ ಗೆಲ್ಲುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದಿತು. ಮರುವರ್ಷ ಮತ್ತೆ ಗೆದ್ದಿತು. ಮುಂದೆ ಅಹಮದ್ ಆಡಿದ್ದೂ ಅದೇ ತಂಡಕ್ಕೆ.

ಆ ಕಾಲದ ತಂಡದಲ್ಲಿ ಮುಂದಿನ ಸಾಲಿಗೆ ಐವರು. ಅವರಲ್ಲಿ ಎಡಗಡೆಯ ಒಳಜಾಗ ಅಹಮದ್ ಅವರದು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಎದುರಾಳಿಗಳ ನಡುವೆ ನುಸುಳುತ್ತಿದ್ದುದರಿಂದ ‘ಹಾವಾಡಿಗ’ ಎಂಬ ಹೆಸರು ಬಂತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುತೇಕ ಬರಿಗಾಲಲ್ಲೇ ಆಡಿದ ಭಾರತ, ಎರಡು ಪೆನಾಲ್ಟಿ ಕೈಚೆಲ್ಲಿಯೂ ಫ್ರಾನ್ಸ್‌ಗೆ 2-1ರಲ್ಲಷ್ಟೇ ಸೋತಿತು. ಆ ತಂಡದಲ್ಲೂ ಅವರಿದ್ದರು.

1949ರಲ್ಲಿ ಅವರು ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಅಪ್ಪಾರಾವ್, ಸಾಲೆ, ವೆಂಕಟೇಶ್, ಧನರಾಜ್, ಅಹಮದ್ ಖಾನ್: ಐವರೂ ದಕ್ಷಿಣದವರು. ಬಂಗಾಳಿಗಳು ಅವರನ್ನು ‘ಪಂಚಪಾಂಡವರು’ ಎಂದು ಕರೆದರು. ಆ ವರ್ಷ ಕಲ್ಕತ್ತಾ ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರೂ ತಂಡಕ್ಕೆ ಬಂದವು. ಶೀಲ್ಡ್ 1951ರವರೆಗೆ ಸತತ ಮೂರು ವರ್ಷ ಅವರ ಬಳಿಯೇ ಉಳಿಯಿತು.

ಈ ಗೆಲುವುಗಳ ತೂಕ ತಿಳಿಯಬೇಕಾದರೆ ಗ್ಯಾಲರಿಯ ಕಡೆ ನೋಡಬೇಕು. ಈಸ್ಟ್ ಬೆಂಗಾಲ್‌ಗಾಗಿ ಕೂಗುತ್ತಿದ್ದವರಲ್ಲಿ ಬಹಳ ಜನ ದೇಶ ವಿಭಜನೆಯಲ್ಲಿ ಮನೆ, ಹೊಲ ಬಿಟ್ಟು ಬಂದ ಪೂರ್ವ ಬಂಗಾಳದ ಹಿಂದೂ ನಿರಾಶ್ರಿತರು. ಕಳೆದುಕೊಂಡ ನೆಲದ ಹೆಸರು ಅವರಿಗೆ ಉಳಿದಿದ್ದು ಒಂದು ಕ್ಲಬ್ಬಿನಲ್ಲಿ. ಆ ಹೆಸರನ್ನು ಎತ್ತಿ ಹಿಡಿದವರಲ್ಲಿ ಬೆಂಗಳೂರಿನ ಒಬ್ಬ ಮುಸಲ್ಮಾನನಿದ್ದ. ಜನ ಅವನನ್ನು ಪಾಂಡವರಲ್ಲಿ ಒಬ್ಬನನ್ನಾಗಿ ಎಣಿಸಿದರು. ಗಲಭೆಗಳ ಗಾಯ ಇನ್ನೂ ಹಸಿಯಾಗಿದ್ದ ದಿನಗಳವು. ಇದನ್ನು ಸೌಹಾರ್ದದ ಪಾಠವಾಗಿ ಯಾರೂ ಏರ್ಪಡಿಸಿರಲಿಲ್ಲ. ಜನರಿಗೆ ಬೇಕಿದ್ದದ್ದು ಗೋಲು. ನನಗೆ ಅದರ ಬೆಲೆ ಹೆಚ್ಚೆನಿಸುವುದೂ ಅದಕ್ಕೇ.

ಹೆಲ್ಸಿಂಕಿಯ ಸೋಲಿನ ಬಳಿಕ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ಬರಿಗಾಲಿನ ಕಾರಣಕ್ಕೇ 1950ರ ವಿಶ್ವಕಪ್ ತಪ್ಪಿತೆಂಬ ಕಥೆಯೂ ಬೆಳೆಯಿತು. ಆದರೆ ಆಗ ಹಿಂದೆ ಸರಿದದ್ದು ನಮ್ಮದೇ ಫುಟ್ಬಾಲ್ ಸಂಸ್ಥೆ; ವಿಶ್ವಕಪ್ಪಿಗಿಂತ ಒಲಿಂಪಿಕ್ಸ್ ದೊಡ್ಡದೆಂದು ನಂಬಿದ್ದ ಕಾಲ ಅದು. ಈ ಕಥೆಯನ್ನು ಒಪ್ಪಿದರೆ ಆ ತಲೆಮಾರಿನವರು ಬೂಟಿಲ್ಲದ ಬಡಪಾಯಿಗಳಾಗಿ ಮಾತ್ರ ಉಳಿಯುತ್ತಾರೆ. ಅವರ ಕಾಲಿನ ಕಲೆ ಮರೆಯಾಗುತ್ತದೆ.

1959ರವರೆಗೆ ಕಲ್ಕತ್ತಾದಲ್ಲಿ ಆಡಿದ ಅಹಮದ್ ಖಾನ್ 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರಿಗೆ ತೊಂಬತ್ತು ವರ್ಷವಾಗಿತ್ತು. ಅವರ ಆಟದ ಬಗ್ಗೆ ಓದಬೇಕೆಂದರೆ ಇವತ್ತಿಗೂ ಬಂಗಾಳಿಯ ಕಡೆ ಹೋಗಬೇಕು. ಕನ್ನಡದಲ್ಲಿ ಬರೆಯುವ ಕೆಲಸ ಬಾಕಿ ಇದೆ.