ಅರ್ಜಿಯ ಜತೆಗೊಂದು ಫೋಟೊ: ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಆಯ್ಕೆಯ ಚಿತ್ರ ಬೆಳೆದ ಬಗೆ

ಮಾಡೆಲ್ ಆಗಬಯಸುವವರು ಸ್ಪರ್ಧೆಗೆ ಅರ್ಜಿ ಹಾಕುವಾಗ ಸಾಮಾನ್ಯವಾಗಿ ಮೂರು ಬಗೆಯ ಚಿತ್ರ ಕಳಿಸಬೇಕಾಗುತ್ತದೆ: ಮುಖವೊಂದೇ ಕಾಣುವ ಚಿತ್ರ, ಸೊಂಟದವರೆಗಿನ ಚಿತ್ರ, ಅಡಿಯಿಂದ ಮುಡಿಯವರೆಗೆ ಪೂರ್ತಿ ನಿಂತ ಚಿತ್ರ. ಆಯ್ಕೆ ಮಾಡುವವರು ಅಭ್ಯರ್ಥಿಯನ್ನು ಮೊದಲು ನೋಡುವುದು ಈ ಚಿತ್ರಗಳಲ್ಲಿಯೇ. ಹಾಗಾಗಿ ಮೊದಲ ಸುತ್ತಿನ ಅರ್ಧ ಹೊಣೆ ಚಿತ್ರ ತೆಗೆಯುವವರ ಮೇಲೆ ಬೀಳುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗೆ ಈ ಪದ್ಧತಿ ಒಮ್ಮೆಲೇ ಬಂದದ್ದಲ್ಲ. ನಾಟಕ ಕಂಪನಿಯ ಆಯ್ಕೆ, ಮದುವೆ ಸಂಬಂಧಕ್ಕೆ ಕಳಿಸುತ್ತಿದ್ದ ಫೋಟೊ, ಸಿನಿಮಾ ಅವಕಾಶಕ್ಕೆ ಕಳಿಸುತ್ತಿದ್ದ ಫೋಟೊ ಎಂಬ ಮೂರು ಹಂತಗಳನ್ನು ದಾಟಿ ಅದು ಇಂದಿನ ರೂಪಕ್ಕೆ ಬಂದಿದೆ.

ಕಣ್ಣೆದುರಿನ ಆಯ್ಕೆ

1884 ಈ ಸೀಮೆಯ ಚರಿತ್ರೆಯಲ್ಲಿ ಎರಡು ಕಾರಣಕ್ಕೆ ಮುಖ್ಯವಾದ ವರ್ಷ. ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು ಆ ವರ್ಷ. ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ನಾಟಕ ಕಂಪನಿ ಹುಟ್ಟಿದ್ದೂ ಅದೇ ವರ್ಷ. ಮುಂದೆ ನಾಡೆಲ್ಲ 'ಗುಬ್ಬಿ ಕಂಪನಿ' ಎಂದು ಕರೆದದ್ದು ಇದನ್ನೇ. 1891ರಲ್ಲಿ ಹುಟ್ಟಿದ ಗುಬ್ಬಿ ವೀರಣ್ಣನವರು ಬಾಲನಟರಾಗಿ ಕಂಪನಿ ಸೇರಿ, 1917ರಲ್ಲಿ ಅದರ ಒಡೆಯರಾದರು.

ಕಂಪನಿಗೆ ಸೇರಲು ಫೋಟೊ ಬೇಕಿರಲಿಲ್ಲ. ಹುಡುಗನನ್ನು ತಂದೆಯೋ ಮಾವನೋ ಕರೆತಂದು ಯಜಮಾನರ ಮುಂದೆ ನಿಲ್ಲಿಸುತ್ತಿದ್ದರು. ಒಂದು ಕಂದ ಹಾಡಿಸಿ, ನಾಲ್ಕು ಮಾತು ಆಡಿಸಿ, ನಡೆಸಿ ನೋಡುತ್ತಿದ್ದರು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕೊನೆಯ ಸಾಲಿಗೆ ಮುಟ್ಟುವ ಕಂಠವೇ ಮೊದಲ ಅರ್ಹತೆ. ರೂಪಕ್ಕೆ ಆಮೇಲಿನ ಜಾಗ. ಮುಖದ ಕೊರತೆಯನ್ನು ಬಣ್ಣದಲ್ಲಿ ಮುಚ್ಚಬಹುದಿತ್ತು, ಕಂಠದ ಕೊರತೆಗೆ ಮದ್ದಿರಲಿಲ್ಲ. ಮುಂದೆ ಡಾ. ರಾಜ್‌ಕುಮಾರ್ ಎಂದು ಹೆಸರಾದ ಮುತ್ತುರಾಜ್ ರಂಗಭೂಮಿಗೆ ಬಂದದ್ದು ಕೂಡ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜತೆಗೆ. ಜಿ.ವಿ. ಅಯ್ಯರ್, ಬಾಲಕೃಷ್ಣ, ತಿಪಟೂರಿನ ನರಸಿಂಹರಾಜು, ಬಿ.ವಿ. ಕಾರಂತ ಇವರೆಲ್ಲ ಗುಬ್ಬಿ ಕಂಪನಿಯ ನೆರಳಿನಲ್ಲಿ ಬೆಳೆದವರು.

ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ದಿನಗಳಲ್ಲಿ ವೀರಣ್ಣನವರು ಹೆಂಗಸರನ್ನು ರಂಗಕ್ಕೆ ತಂದರು. ಬಿ. ಜಯಮ್ಮ ಅವರಲ್ಲಿ ಪ್ರಮುಖರು. ಹೆಣ್ಣು ಜನರ ಎದುರು ನಿಂತು ತನ್ನ ಕಲೆಯನ್ನು ವೃತ್ತಿಯಾಗಿ ತೋರುವುದು ಮರ್ಯಾದೆಯ ಬಾಳು ಎಂಬ ಮಾತನ್ನು ಈ ಸೀಮೆಯ ಜನ ಮೊದಲು ಒಪ್ಪಿದ್ದು ನಾಟಕದ ಮೂಲಕ. ಇಂದು ಗುಬ್ಬಿಯ ಹುಡುಗಿಯೊಬ್ಬಳು ಸ್ಪರ್ಧೆಗೆ ಅರ್ಜಿ ಹಾಕುವ ಧೈರ್ಯದ ಹಿಂದೆ ಆ ನಟಿಯರ ಬದುಕೂ ಇದೆ.

ಗಾಜಿನ ಫಲಕದಿಂದ ಸ್ಟುಡಿಯೊಗೆ

ಫೋಟೊ ತೆಗೆಯುವ ವಿದ್ಯೆಯನ್ನು ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಸಾರಿದ್ದು 1839ರಲ್ಲಿ. ಮೈಸೂರು ಸೀಮೆಯಲ್ಲಿ ಕ್ಯಾಮೆರಾ ಮೊದಮೊದಲು ಗುಡಿ ಗೋಪುರಗಳ ಕಡೆಗೆ ತಿರುಗಿತ್ತು. ಸೇನಾಧಿಕಾರಿ ಲಿನೀಯಸ್ ಟ್ರೈಪ್ 1854ರಲ್ಲಿ ಬೇಲೂರು, ಹಳೇಬೀಡಿನ ದೇವಾಲಯಗಳನ್ನು ಚಿತ್ರಿಸಿದ. ಆ ಕಾಲದಲ್ಲಿ ಬಳಕೆಗೆ ಬಂದ ಗಾಜಿನ ಫಲಕದ ವಿಧಾನದಲ್ಲಿ, ಗಾಜಿನ ಮೇಲೆ ರಾಸಾಯನಿಕ ಬಳಿದು, ಅದು ಒಣಗುವ ಮುನ್ನವೇ ಚಿತ್ರ ತೆಗೆದು ತೊಳೆಯಬೇಕಿತ್ತು. 1871ರಲ್ಲಿ ಇಂಗ್ಲೆಂಡಿನ ರಿಚರ್ಡ್ ಮ್ಯಾಡಾಕ್ಸ್ ಒಣ ಫಲಕದ ವಿಧಾನ ತೋರಿಸಿದ ಮೇಲೆ ಈ ಕೆಲಸ ಸುಲಭವಾಯಿತು. ಡೇರೆಯೊಳಗೆ ಕತ್ತಲೆ ಕೋಣೆ ಹೊತ್ತು ತಿರುಗುವ ಅಗತ್ಯ ತಪ್ಪಿ, ಸಣ್ಣ ಊರುಗಳಲ್ಲೂ ಫೋಟೊ ತೆಗೆಯುವುದು ಕಸುಬಾಗಲು ದಾರಿಯಾಯಿತು.

ಹಳೆಯ ಸ್ಟುಡಿಯೊದ ಸಾಮಗ್ರಿ ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ: ಮುಕ್ಕಾಲಿಯ ಮೇಲಿನ ಮರದ ಕ್ಯಾಮೆರಾ, ತಲೆಗೆ ಹೊದೆಯುವ ಕಪ್ಪು ಬಟ್ಟೆ, ಕಂಬ, ಮೆಟ್ಟಿಲು, ತೋಟ ಬರೆದ ಪರದೆ, ಕುರ್ಚಿ, ಹೂದಾನಿ, ಗೋಡೆಗೆ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ. ಪೌಡರಿಗೆ ಒಂದು ತಾಂತ್ರಿಕ ಕಾರಣವೂ ಇತ್ತು. ಅಂದಿನ ಫಲಕಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಕುಂಕುಮ, ಎಲೆಯಡಿಕೆಯಿಂದ ಕೆಂಪಾದ ತುಟಿ ಎರಡೂ ಕಪ್ಪಾಗಿ ಮೂಡುತ್ತಿದ್ದವು, ಗೋಧಿ ಮೈಬಣ್ಣ ಇದ್ದದ್ದಕ್ಕಿಂತ ಗಾಢವಾಗುತ್ತಿತ್ತು. ಅದನ್ನು ಸರಿದೂಗಿಸಲು ಪೌಡರ್ ಬಳಿಯುತ್ತಿದ್ದರು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಿಲಂ ಬಂದು ಆ ಕಾರಣ ಹೋಯಿತು. ಪೌಡರ್ ಮಾತ್ರ ಅಭ್ಯಾಸವಾಗಿ ಉಳಿಯಿತು.

ಟಚಪ್ ಇನ್ನೊಂದು ಮುಖ್ಯ ಕೆಲಸ. ನೆಗೆಟಿವ್‌ನ ಮೇಲೆ ಚೂಪಾದ ಪೆನ್ಸಿಲಿನಿಂದ ನವಿರಾಗಿ ತೀಡಿದರೆ ಪ್ರಿಂಟಿನಲ್ಲಿ ಆ ಜಾಗ ತಿಳಿಯಾಗುತ್ತದೆ. ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ಕೆನ್ನೆಯ ಗುಳಿ ಹೀಗೆ ಮಾಯವಾಗುತ್ತಿದ್ದವು. ಇದ್ದದ್ದಕ್ಕಿಂತ ಒಂದು ಕೈ ಚೆನ್ನಾಗಿ ಕಾಣಿಸಿಕೊಡುವವನೇ ಒಳ್ಳೆಯ ಫೋಟೊಗ್ರಾಫರ್ ಎಂಬ ನಂಬಿಕೆ ಬೆಳೆದದ್ದು ಇಲ್ಲಿಂದ.

ಮದುವೆಯ ಫೋಟೊ

ಒಬ್ಬ ಯುವತಿಯ ಚಿತ್ರವನ್ನು ಬೇರೆಯವರು ನೋಡಿ ತೀರ್ಮಾನಿಸಲೆಂದೇ ತೆಗೆಸುವ ರೂಢಿ ಸಾಮಾನ್ಯ ಮನೆಗಳಿಗೆ ಬಂದದ್ದು ವಧೂವರಾನ್ವೇಷಣೆಯ ಜತೆಗೆ. ಜಾತಕದ ಜತೆ ಹುಡುಗಿಯ ಫೋಟೊ ಕಳಿಸುವುದು 20ನೇ ಶತಮಾನದ ಎರಡನೆಯ ಅರ್ಧದಲ್ಲಿ ವಾಡಿಕೆಯಾಯಿತು. ಹಳ್ಳಿಯವರು ಸಂತೆಯ ದಿನ ಅಥವಾ ಒಳ್ಳೆಯ ದಿನ ನೋಡಿ, ಹುಡುಗಿಗೆ ರೇಷ್ಮೆ ಸೀರೆ ಉಡಿಸಿ, ಹೂ ಮುಡಿಸಿ, ತಾಯಿಯೋ ಅತ್ತಿಗೆಯೋ ಜತೆಗೆ ಬಂದು ಪೇಟೆಯ ಸ್ಟುಡಿಯೊದಲ್ಲಿ ಫೋಟೊ ತೆಗೆಸುತ್ತಿದ್ದರು.

ಆ ಚಿತ್ರಕ್ಕೊಂದು ಕಟ್ಟುಪಾಡಿತ್ತು. ಹುಡುಗಿ ಪೂರ್ತಿ ನಿಂತಿರಬೇಕು, ಏಕೆಂದರೆ ನೋಡುವವರಿಗೆ ಎತ್ತರ ತಿಳಿಯಬೇಕು. ಒಂದು ಕೈ ಕುರ್ಚಿಯ ಮೇಲಿರಬೇಕು, ಜಡೆ ಮುಂದೆ ಇಳಿಬಿದ್ದಿರಬೇಕು, ನಗು ತುಟಿ ಮೀರಬಾರದು. ನೆಗೆಟಿವ್ ಯಾರ ಕೈಗೂ ಸಿಗಬಾರದೆಂದು ಮನೆಯವರು ಕೇಳಿ ಪಡೆದುಕೊಳ್ಳುತ್ತಿದ್ದುದೂ ಉಂಟು. ಸ್ಪರ್ಧೆಯ ನಿಲುವುಚಿತ್ರ ಇದೇ ಚಿತ್ರದ ಮುಂದುವರಿಕೆ. ವ್ಯತ್ಯಾಸ ಮುಖ್ಯವಾದದ್ದು: ಮದುವೆಯ ಫೋಟೊವನ್ನು ಮನೆಯವರು ಕಳಿಸುತ್ತಿದ್ದರು, ಸ್ಪರ್ಧೆಯ ಫೋಟೊವನ್ನು ಹುಡುಗಿ ತಾನೇ ಕಳಿಸುತ್ತಾಳೆ.

ಸಿನಿಮಾ ಅವಕಾಶಕ್ಕಾಗಿ

ಗುಬ್ಬಿ ವೀರಣ್ಣನವರು ಸಿನಿಮಾಕ್ಕೂ ಬೇಗ ಕೈಹಾಕಿದರು. 1930ರ ದಶಕದ ಮೊದಲಲ್ಲೇ 'ಹರಿಮಾಯಾ' ಮೊದಲಾದ ಮೂಕಿ ಚಿತ್ರಗಳನ್ನು ಮಾಡಿದರು. ಆಮೇಲೆ 'ಜೀವನ ನಾಟಕ' (1942), 'ಹೇಮರೆಡ್ಡಿ ಮಲ್ಲಮ್ಮ' ಬಂದವು. ಅವರ ಸಂಸ್ಥೆಯೂ ಸೇರಿ ತಯಾರಿಸಿದ, ಎಚ್.ಎಲ್.ಎನ್. ಸಿಂಹ ನಿರ್ದೇಶನದ 'ಬೇಡರ ಕಣ್ಣಪ್ಪ' (1954) ರಾಜ್‌ಕುಮಾರ್ ಅವರನ್ನು ನಾಯಕನನ್ನಾಗಿ ಮಾಡಿತು. ರಂಗದ ಮೇಲೆ ದೂರದಿಂದ ಕಾಣುತ್ತಿದ್ದ ಮುಖ ತೆರೆಯ ಮೇಲೆ ಹತ್ತಿರವಾದಾಗ ಅಳತೆಗೋಲು ಬದಲಾಯಿತು. ಕಂಠಕ್ಕಿದ್ದ ಮೊದಲ ಸ್ಥಾನ ಮುಖಕ್ಕೆ ಬಂತು, ಮುಖವನ್ನು ಅಂಚೆಯಲ್ಲಿ ಕಳಿಸಬಹುದಾಗಿತ್ತು.

ಹೀಗೆ ಸ್ಟುಡಿಯೊಗಳಿಗೆ ಹೊಸ ಗಿರಾಕಿಗಳು ಬಂದರು. ಕ್ಯಾಬಿನೆಟ್ ಅಥವಾ ಪೋಸ್ಟ್‌ಕಾರ್ಡ್ ಅಳತೆಯ ನಾಲ್ಕಾರು ಫೋಟೊ ತೆಗೆಸಿ, ಹಿಂದೆ ಹೆಸರು, ವಯಸ್ಸು, ಎತ್ತರ ಬರೆದು ಬೆಂಗಳೂರಿನ ಗಾಂಧಿನಗರದ ಚಿತ್ರ ಕಚೇರಿಗಳಿಗೆ, ಮದರಾಸಿನ ಸ್ಟುಡಿಯೊಗಳಿಗೆ ಯುವಕರು ಕಳಿಸುತ್ತಿದ್ದರು. ಆಗ ಬಳಕೆಯಲ್ಲಿದ್ದ 120 ಫಿಲಂನ ಜೋಡಿ ಲೆನ್ಸಿನ ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ. ಹಾಗಾಗಿ ಗುಂಡಿ ಒತ್ತುವ ಮೊದಲೇ ಭಂಗಿ, ಬೆಳಕು ಎಲ್ಲ ಹೊಂದಿರಬೇಕಿತ್ತು. ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಆ ಕ್ಯಾಮೆರಾ ನಿಲುವುಚಿತ್ರಕ್ಕೆ ಹೇಳಿ ಮಾಡಿಸಿದಂತಿತ್ತು: ಕಾಲು ಗಿಡ್ಡವಾಗದೆ, ತಲೆ ದೊಡ್ಡದಾಗದೆ ಮೈಕಟ್ಟು ಅಳತೆಗೆ ಸರಿಯಾಗಿ ಬರುತ್ತಿತ್ತು.

ಈ ವಿದ್ಯೆಯನ್ನು ಕ್ರಮವಾಗಿ ಕಲಿಸುವ ವ್ಯವಸ್ಥೆ ಬೆಂಗಳೂರಿನಲ್ಲಿ 1940ರ ದಶಕದಲ್ಲೇ ಇತ್ತು. ಮುಂದೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ಹೆಸರಾದ ಸಂಸ್ಥೆಯಲ್ಲಿ ಕಲಿತ ಮೈಸೂರಿನ ವಿ.ಕೆ. ಮೂರ್ತಿ, ಗುರುದತ್ತರ 'ಪ್ಯಾಸಾ', 'ಕಾಗಜ್ ಕೆ ಫೂಲ್' ಚಿತ್ರಗಳಲ್ಲಿ ಮುಖದ ಮೇಲೆ ಬೆಳಕು ಬೀಳಿಸುವ ಕಲೆಯನ್ನು ದೇಶಕ್ಕೇ ತೋರಿಸಿಕೊಟ್ಟರು. ಸಣ್ಣ ಊರಿನ ಸ್ಟುಡಿಯೊದವರು ಬಹುಮಟ್ಟಿಗೆ ಕಲಿತದ್ದು ಮಾತ್ರ ಗುರುವಿನ ಕೈಕೆಳಗೆ: ಡಾರ್ಕ್ ರೂಮಿನಲ್ಲಿ ಹೈಪೊ ಕಲಸುವುದರಿಂದ ಶುರುವಾಗಿ ಕ್ಯಾಮೆರಾ ಮುಟ್ಟುವವರೆಗೆ ವರ್ಷಗಳೇ ಹಿಡಿಯುತ್ತಿದ್ದವು.

ಸೌಂದರ್ಯ ಸ್ಪರ್ಧೆಗಳ ಕಾಲ

ಭಾರತದಲ್ಲಿ ಫೆಮಿನಾ ಪತ್ರಿಕೆಯ ಮಿಸ್ ಇಂಡಿಯಾ ಸ್ಪರ್ಧೆ 1964ರಲ್ಲಿ ಆರಂಭವಾಯಿತು. 1966ರಲ್ಲಿ ರೀಟಾ ಫಾರಿಯಾ ವಿಶ್ವಸುಂದರಿಯಾದರು. ಆದರೂ ಈ ಲೋಕ ದೊಡ್ಡ ನಗರಗಳ ಇಂಗ್ಲಿಷ್ ಬಲ್ಲ ಮನೆಗಳದಾಗಿಯೇ ಬಹುಕಾಲ ಉಳಿಯಿತು. 1994ರಲ್ಲಿ ಸುಷ್ಮಿತಾ ಸೇನ್ ಮತ್ತು ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಜಾಗತಿಕ ಸ್ಪರ್ಧೆಗಳಲ್ಲಿ ಗೆದ್ದಾಗ, ಟಿ.ವಿ. ಮೂಲಕ ಆ ಸುದ್ದಿ ಹೋಬಳಿ ಊರುಗಳಿಗೂ ತಲುಪಿತು. 2000ದಲ್ಲಿ ಬೆಂಗಳೂರಿನಲ್ಲಿ ಬೆಳೆದ ಲಾರಾ ದತ್ತಾ ಭುವನಸುಂದರಿಯಾದರು.

ನಡುವೆ 1996ರ ನವೆಂಬರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ನಡೆಯಿತು. ಮಹಿಳಾ ಸಂಘಟನೆಗಳು ಮತ್ತು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಅದನ್ನು ಬಲವಾಗಿ ವಿರೋಧಿಸಿದವು. ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದ್ವೀಪಗಳಲ್ಲಿ ನಡೆಸಬೇಕಾಯಿತು. ಹೆಣ್ಣಿನ ಮೈಯನ್ನು ಅಳೆದು ಬೆಲೆ ಕಟ್ಟುವುದು ಸರಿಯೇ ಎಂದು ಅಂದು ಎದ್ದ ಪ್ರಶ್ನೆ ಹಳತಾಗಿಲ್ಲ. ಅರ್ಜಿಯ ಫೋಟೊ ತೆಗೆಯುವವರಿಗೂ ಅದು ಅನ್ವಯಿಸುತ್ತದೆ: ಎದುರು ನಿಂತವಳನ್ನು ಅಳತೆಯ ವಸ್ತುವಾಗಿ ನೋಡಬೇಕೋ, ಕೆಲಸ ಹುಡುಕುತ್ತಿರುವ ವ್ಯಕ್ತಿಯಾಗಿ ನೋಡಬೇಕೋ ಎಂಬುದು ಪ್ರತಿ ಚಿತ್ರದಲ್ಲೂ ತೀರ್ಮಾನವಾಗುತ್ತದೆ.

2000ದ ನಂತರ ಡಿಜಿಟಲ್ ಕ್ಯಾಮೆರಾ ಬಂದು ಡಾರ್ಕ್ ರೂಮುಗಳು ಮುಚ್ಚಿದವು. ಪೆನ್ಸಿಲ್ ಟಚಪ್‌ನ ಜಾಗಕ್ಕೆ ಫೋಟೊಶಾಪ್ ಬಂತು. 2017ರಿಂದ ಮಿಸ್ ಇಂಡಿಯಾ ಸ್ಪರ್ಧೆ ರಾಜ್ಯವಾರು ಆಯ್ಕೆಯ ಪದ್ಧತಿ ಹಿಡಿಯಿತು. 2022ರಲ್ಲಿ ಕರ್ನಾಟಕವನ್ನು ಪ್ರತಿನಿಧಿಸಿದ ಸಿನಿ ಶೆಟ್ಟಿ ಆ ಕಿರೀಟ ಪಡೆದರು. ರಾಜ್ಯದ ಹೆಸರಿನಲ್ಲಿ ಒಂದು ಸ್ಥಾನ ಇದೆ ಎಂದಾದಾಗ ಜಿಲ್ಲೆಯ ಹುಡುಗಿಯರಿಗೂ ಅದು ಕೈಗೆಟಕುವಂತೆ ತೋರಿತು.

ಇಂದಿನ ಕೆಲಸದ ಕ್ರಮ

ಅರ್ಜಿಯ ಚಿತ್ರದ ಮೂಲ ನಿಯಮ ಹಳೆಯ ಸ್ಟುಡಿಯೊದ ನಿಯಮಕ್ಕೆ ತದ್ವಿರುದ್ಧ. ಅಲ್ಲಿ ಅಲಂಕಾರ ಬೇಕಿತ್ತು, ಇಲ್ಲಿ ಪುರಾವೆ ಬೇಕು. ಆಯ್ಕೆದಾರರು ಮುಖದ ಮೂಳೆಕಟ್ಟು, ಮೈಬಣ್ಣ, ನಿಲುವು ಇದ್ದಂತೆಯೇ ಕಾಣಬೇಕೆಂದು ಬಯಸುತ್ತಾರೆ. ಆದ್ದರಿಂದ ಕೂದಲನ್ನು ಮುಖದಿಂದ ಹಿಂದಕ್ಕೆ ಕಟ್ಟಿ, ಮೇಕಪ್ ತೀರಾ ಕಡಿಮೆ ಮಾಡಿ, ಮೈಗೆ ಸರಿಹೊಂದುವ ಒಂದೇ ಬಣ್ಣದ ಬಟ್ಟೆಯಲ್ಲಿ, ಬರಿಗೋಡೆಯ ಮುಂದೆ ನಿಲ್ಲಿಸುವುದು ಒಳ್ಳೆಯದು.

ಬೆಳಕಿಗೆ ಬೆಳಗಿನ ಹೊತ್ತಿನ ನೆರಳೇ ಸಾಕು. ಮನೆಯ ಜಗುಲಿ, ಬಡಗಣ ಕಿಟಕಿ, ಕಟ್ಟಡದ ನೆರಳು ಬಿದ್ದ ಅಂಗಳ ಇವೆಲ್ಲ ಹೊಂದುತ್ತವೆ. ಗಲ್ಲದ ಕೆಳಗಿನ ಕಪ್ಪನ್ನು ತಿಳಿಗೊಳಿಸಲು ಒಂದು ಬಿಳಿ ಥರ್ಮೊಕೋಲ್ ಹಲಗೆ ಹಿಡಿದರಾಯಿತು. ಮುಖದ ಚಿತ್ರವನ್ನು ಮೊಬೈಲನ್ನು ಹತ್ತಿರ ಹಿಡಿದು ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದಕ್ಕೆ ಸರಿದಂತೆ ಕಾಣುತ್ತದೆ, 85 ಮಿ.ಮೀ. ಸುಮಾರಿನ ಲೆನ್ಸ್ ಹಾಕಿ ಎರಡು ಮೀಟರ್ ದೂರದಿಂದ ತೆಗೆದರೆ ಅಳತೆ ಸರಿಯಾಗಿ ಬರುತ್ತದೆ. ನಿಲುವುಚಿತ್ರಕ್ಕೆ ಇನ್ನೂ ಹಿಂದೆ ಸರಿದು, ಕ್ಯಾಮೆರಾವನ್ನು ಸೊಂಟದ ಎತ್ತರಕ್ಕೆ ಇಳಿಸಬೇಕು. ಜೋಡಿ ಲೆನ್ಸಿನ ಕ್ಯಾಮೆರಾ ಕಲಿಸಿದ ಪಾಠ ಇಲ್ಲಿ ಹಾಗೆಯೇ ನಡೆಯುತ್ತದೆ.

ಅರ್ಜಿಯ ಚಿತ್ರ ಬೇರೆ, ಪೋರ್ಟ್‌ಫೋಲಿಯೊ ಬೇರೆ. ಪೋರ್ಟ್‌ಫೋಲಿಯೊದಲ್ಲಿ ಉಡುಪು, ಭಾವ, ಹಿನ್ನೆಲೆ ಬದಲಿಸಿ ಅಭ್ಯರ್ಥಿ ಏನೆಲ್ಲ ಮಾಡಬಲ್ಲಳೆಂದು ತೋರಿಸಲಾಗುತ್ತದೆ. ಅದಕ್ಕೆ ಈ ಸೀಮೆಯಲ್ಲಿ ಜಾಗಗಳಿಗೆ ಬರವಿಲ್ಲ: ತುಮಕೂರಿನ ಅಮಾನಿಕೆರೆ, ದೇವರಾಯನದುರ್ಗದ ಬೆಟ್ಟದ ದಾರಿ, ಮಂದರಗಿರಿಯ ಬಂಡೆಗಳು, ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಜನಪದರು ಹಾಡಿ ಹೊಗಳಿದ ಕುಣಿಗಲ್ ಕೆರೆಯ ಏರಿ, ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯ. ಕಾಡು, ಜಲಾಶಯ, ದೇವಾಲಯಗಳ ಬಳಿ ಮೊದಲೇ ಅನುಮತಿ ಕೇಳುವುದು ಕ್ರಮ.

ಟಚಪ್‌ಗೆ ಒಂದು ಮಿತಿ ಇರಬೇಕು. ನಾಳೆ ಮಾಯುವ ಮೊಡವೆಯನ್ನು ಅಳಿಸಬಹುದು. ಹುಟ್ಟುಮಚ್ಚೆಯನ್ನು, ಮೂಗಿನ ಆಕಾರವನ್ನು, ಮೈಬಣ್ಣವನ್ನು ಬದಲಿಸಬಾರದು. ಮುಂದಿನ ಸುತ್ತಿನಲ್ಲಿ ಅಭ್ಯರ್ಥಿ ಎದುರು ನಿಂತಾಗ ಚಿತ್ರಕ್ಕೂ ಮುಖಕ್ಕೂ ತಾಳೆಯಾಗದಿದ್ದರೆ ಅವಕಾಶ ಅಲ್ಲಿಗೇ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು: ತನ್ನ ಬಣ್ಣವನ್ನು ತಿಳಿಗೊಳಿಸಿದ ಚಿತ್ರ ನೋಡಿದ ಹುಡುಗಿ, ತಾನು ಇರುವಂತೆ ಸಾಲದು ಎಂದು ನಂಬಿಬಿಡುತ್ತಾಳೆ.

ಹಕ್ಕು ಮತ್ತು ಹೊಣೆ

ಚಿತ್ರದ ಒಡೆತನದ ಬಗ್ಗೆ ಕಾನೂನು ಸ್ಪಷ್ಟವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಫೋಟೊ ತೆಗೆಸಿದವರೇ ಅದರ ಮೊದಲ ಹಕ್ಕುದಾರರು. ಹಾಗಾಗಿ ಸ್ಟುಡಿಯೊದ ಗಾಜಿನ ಪೆಟ್ಟಿಗೆಯಲ್ಲಾಗಲಿ ಜಾಲತಾಣದಲ್ಲಾಗಲಿ ಆ ಚಿತ್ರ ಹಾಕುವ ಮುನ್ನ ಅವರ ಒಪ್ಪಿಗೆ ಬೇಕು. ಮೂಲ ಫೈಲುಗಳನ್ನು ಅವರಿಗೆ ಕೊಡುವ ಮಾತನ್ನು ಮುಂಚೆಯೇ ಬರಹದಲ್ಲಿ ಮಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ. ಅಭ್ಯರ್ಥಿ ಹದಿನೆಂಟು ತುಂಬದವರಾದರೆ ತಂದೆತಾಯಿಯ ಒಪ್ಪಿಗೆ ಇರಬೇಕು, ಚಿತ್ರ ತೆಗೆಯುವಾಗ ಮನೆಯವರೊಬ್ಬರು ಜತೆಗಿರಬೇಕು. ಆಯ್ಕೆ ಖಚಿತವೆಂದು ಹೇಳಿ ಮುಂಗಡ ಹಣ ಕೇಳುವ, ಹೆಸರು ವಿಳಾಸ ಸರಿಯಾಗಿ ಹೇಳದ ಮಧ್ಯವರ್ತಿಗಳಿಗೆ ಚಿತ್ರ ಕಳಿಸಬಾರದೆಂದು ತಿಳಿಹೇಳುವುದೂ ಫೋಟೊಗ್ರಾಫರನ ಕೆಲಸದ ಭಾಗವೇ.

ಒಟ್ಟಿನಲ್ಲಿ ಗುಬ್ಬಿ ಕಂಪನಿಯಲ್ಲಿ ಎದುರುಬದುರು ನಡೆಯುತ್ತಿದ್ದ ಆಯ್ಕೆ ಒಂದು ಶತಮಾನದಲ್ಲಿ ಚಿತ್ರದ ಮೂಲಕ ನಡೆಯುವಂತಾಯಿತು. ಯಜಮಾನರು ಕಣ್ಣಾರೆ ಕಂಡು ತೂಗುತ್ತಿದ್ದುದನ್ನು ಈಗ ದೂರದವರು ಚಿತ್ರ ನಂಬಿ ತೂಗುತ್ತಾರೆ. ಆ ನಂಬಿಕೆ ಉಳಿಯಬೇಕಾದರೆ ಚಿತ್ರ ನಿಜವಾಗಿರಬೇಕು. ಈ ಸೀಮೆಯ ಸ್ಟುಡಿಯೊಗಳಿಗೆ ಬೆಳಕಿನ, ಭಂಗಿಯ, ಸಹನೆಯ ವಿದ್ಯೆ ಹಿಂದಿನಿಂದಲೂ ಇದೆ. ಅರ್ಜಿಯ ಚಿತ್ರ ಅದಕ್ಕೆ ಸೇರಿಸಿಕೊಳ್ಳಲು ಕೇಳುವುದು ಇರುವುದನ್ನು ಇರುವಂತೆ ತೋರುವ ಶಿಸ್ತನ್ನು.