ಕಿಡ್ನಿ ಕಸಿ: ಹೊಂದಾಣಿಕೆಯ ವಿಜ್ಞಾನ ಮತ್ತು ಹಂಚಿಕೆಯ ವ್ಯವಸ್ಥೆ

ಡಯಾಲಿಸಿಸ್‌ನಲ್ಲಿರುವವರ ಮನೆಯವರು ನಮ್ಮನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಎರಡು. ಮನೆಯಲ್ಲೇ ಕೊಡಲು ಸಿದ್ಧರಿರುವವರಿದ್ದರೂ ವೈದ್ಯರು ಏಕೆ ಬೇಡ ಎನ್ನುತ್ತಾರೆ? ನಾವಿರುವುದು ಒಂದು ರಾಜ್ಯ, ತೋರಿಸುತ್ತಿರುವ ಆಸ್ಪತ್ರೆ ಇನ್ನೊಂದು ರಾಜ್ಯ, ಹಾಗಾದರೆ ಹೆಸರು ನೋಂದಾಯಿಸುವುದು ಎಲ್ಲಿ? ಎರಡಕ್ಕೂ ಗೊತ್ತಿರುವಷ್ಟನ್ನು ಒಂದೇ ಕಡೆ ಬರೆದಿಡುವುದು ಒಳ್ಳೆಯದೆಂದು ಈ ಲೇಖನ. ಚಿಕಿತ್ಸೆಯ ನಿರ್ಧಾರ ವೈದ್ಯರದೇ.

ನಮ್ಮ ದೇಹ ತನ್ನದಲ್ಲದ್ದನ್ನು ಗುರುತಿಸಿ ಹೊರದಬ್ಬುತ್ತದೆ. 1943ರಲ್ಲಿ ಗ್ಲಾಸ್ಗೋ ನಗರದಲ್ಲಿ ಪೀಟರ್ ಮೆಡಾವರ್ ಮತ್ತು ಥಾಮಸ್ ಗಿಬ್ಸನ್ ಸುಟ್ಟಗಾಯವಾದ ಮಹಿಳೆಯೊಬ್ಬರಿಗೆ ಅವರ ಅಣ್ಣತಮ್ಮನದೇ ಚರ್ಮ ತೆಗೆದು ಅಂಟಿಸಿದರು. ಅದು ಉದುರಿಹೋಯಿತು. ಎರಡನೆಯ ಬಾರಿ ಅದೇ ವ್ಯಕ್ತಿಯ ಚರ್ಮ ಅಂಟಿಸಿದಾಗ ಇನ್ನೂ ಬೇಗ ಉದುರಿತು. ಅಂದರೆ ದೇಹಕ್ಕೆ ನೆನಪಿದೆ. ಒಮ್ಮೆ ಕಂಡ ಪರಕೀಯನನ್ನು ಅದು ಮರೆಯುವುದಿಲ್ಲ. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಡಾ. ಜೋಸೆಫ್ ಮರ್ರೆ ನಡೆಸಿದ ಕಿಡ್ನಿ ಕಸಿ ಯಶಸ್ವಿಯಾದದ್ದು, ಕೊಟ್ಟ ರೊನಾಲ್ಡ್ ಹೆರಿಕ್ ಮತ್ತು ಪಡೆದ ರಿಚರ್ಡ್ ಹೆರಿಕ್ ತದ್ರೂಪಿ ಅವಳಿಗಳಾಗಿದ್ದರಿಂದ. ರಿಚರ್ಡನ ದೇಹಕ್ಕೆ ಆ ಕಿಡ್ನಿ ಬೇರೆಯವರದೆಂದು ಗೊತ್ತೇ ಆಗಲಿಲ್ಲ. ನಮ್ಮ ದೇಶದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1971ರಲ್ಲಿ ಕಸಿ ಯಶಸ್ವಿಯಾಯಿತು.

ಅವಳಿಗಳಲ್ಲದ ಉಳಿದ ನಮಗೆಲ್ಲ ಮೂರು ಪರೀಕ್ಷೆಗಳಿವೆ. ಮೊದಲನೆಯದು ರಕ್ತದ ಗುಂಪು. ಓ ಗುಂಪಿನವರು ಯಾರಿಗಾದರೂ ಕೊಡಬಹುದು, ಆದರೆ ಓ ಗುಂಪಿನವರಿಂದ ಮಾತ್ರ ಪಡೆಯಬಹುದು. ಎರಡನೆಯದು ಎಚ್‌ಎಲ್‌ಎ ಎಂಬ ಗುರುತು. ಇದನ್ನು ಬಿಳಿ ರಕ್ತಕಣಗಳಲ್ಲಿ ನೋಡುತ್ತಾರೆ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುತ್ತದೆ. ಆದ್ದರಿಂದ ಒಡಹುಟ್ಟಿದವರಲ್ಲಿ ಪೂರ್ಣ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು, ಏನೂ ಹೊಂದದಿರುವುದು ನಾಲ್ಕರಲ್ಲಿ ಒಂದು. ಈಗಿನ ಔಷಧಿಗಳಿಂದಾಗಿ ಪೂರ್ಣ ಹೊಂದಲೇಬೇಕೆಂದಿಲ್ಲ. ಗಂಡ ಹೆಂಡಿರ ನಡುವೆ ಕಸಿ ನಡೆಯುವುದು ಹೀಗೆಯೇ.

ಮೂರನೆಯದು ಕ್ರಾಸ್‌ಮ್ಯಾಚ್. ಮನೆಯವರ ಆಸೆಗೆ ಹೆಚ್ಚಾಗಿ ಕಲ್ಲು ಬೀಳುವುದು ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಕೊಡುವವರ ಬಿಳಿ ರಕ್ತಕಣಗಳನ್ನು ರೋಗಿಯ ರಕ್ತದ ಸೀರಮ್ ಜೊತೆ ಬೆರೆಸುತ್ತಾರೆ. ರೋಗಿಯಲ್ಲಿ ಮೊದಲೇ ಪ್ರತಿಕಾಯಗಳಿದ್ದರೆ ಆ ಕಣಗಳು ಸಾಯುತ್ತವೆ. 1969ರಲ್ಲಿ ಅಮೆರಿಕದ ಪಟೇಲ್ ಮತ್ತು ಟೆರಾಸಾಕಿ ಇಂತಹ 225 ಕಸಿಗಳ ಲೆಕ್ಕ ತೆಗೆದರು. ಕ್ರಾಸ್‌ಮ್ಯಾಚ್ ಪಾಸಿಟಿವ್ ಇದ್ದ 30ರಲ್ಲಿ 24 ಕಿಡ್ನಿಗಳು ಕೂಡಲೇ ವಿಫಲವಾದವು. ನೆಗೆಟಿವ್ ಇದ್ದ 195ರಲ್ಲಿ ವಿಫಲವಾದದ್ದು 8 ಮಾತ್ರ. ಅಂದಿನಿಂದ ಈ ಪರೀಕ್ಷೆಯಿಲ್ಲದೆ ಯಾರೂ ಮುಂದುವರಿಯುವುದಿಲ್ಲ.

ಈ ಪ್ರತಿಕಾಯಗಳು ಬರುವುದು ಮೂರು ದಾರಿಯಿಂದ: ಹಿಂದೆ ಆದ ಕಸಿ, ಬೇರೆಯವರ ರಕ್ತ ಏರಿಸಿಕೊಂಡದ್ದು, ಗರ್ಭಧಾರಣೆ. ಮಗುವಿನಲ್ಲಿ ತಂದೆಯ ಗುರುತೂ ಇರುತ್ತದಲ್ಲ, ಅದಕ್ಕೆ ತಾಯಿಯ ದೇಹ ಪ್ರತಿಕಾಯ ತಯಾರಿಸಿಟ್ಟುಕೊಳ್ಳಬಹುದು. ಆದ್ದರಿಂದ ಹೆಂಡತಿ ಗಂಡನಿಗೆ ಕೊಡುವಾಗ ಇಲ್ಲದ ತೊಡಕು, ಗಂಡ ಹೆಂಡತಿಗೆ ಕೊಡಲು ಹೋದಾಗ ಎದುರಾಗಬಹುದು. ಮಕ್ಕಳು ತಾಯಿಗೆ ಕೊಡುವಾಗಲೂ ಹಾಗೆಯೇ. ಇದರಲ್ಲಿ ಯಾರ ತಪ್ಪೂ ಇಲ್ಲ, ಜಾತಕದ ದೋಷವೂ ಅಲ್ಲ. ಇನ್ನೊಂದು ಮಾತು. ಕಸಿಗೆ ಕಾಯುತ್ತಿರುವವರಿಗೆ ರಕ್ತ ಕಡಿಮೆಯಾಯಿತೆಂದು ಊರಿನ ಸಣ್ಣ ಆಸ್ಪತ್ರೆಯಲ್ಲಿ ಬಾಟಲಿ ರಕ್ತ ಏರಿಸುವ ಮೊದಲು ಕಿಡ್ನಿ ವೈದ್ಯರನ್ನು ಒಂದು ಮಾತು ಕೇಳಿರಿ. ಹಲವರಿಗೆ ಎರಿಥ್ರೊಪೊಯಿಟಿನ್ ಚುಚ್ಚುಮದ್ದಿನಲ್ಲೇ ಕೆಲಸ ಆಗುತ್ತದೆ.

ಮನೆಯವರದು ಹೊಂದದಿದ್ದರೆ ಮುಂದೇನು? ಇಲ್ಲಿಗೆ ವೈದ್ಯಶಾಸ್ತ್ರದ ಕೆಲಸ ಅರ್ಧ ಮುಗಿದು, ಆಡಳಿತಶಾಸ್ತ್ರದ ಕೆಲಸ ಶುರುವಾಗುತ್ತದೆ. ಒಂದು ಮನೆಯಲ್ಲಿ ಎ ಗುಂಪಿನ ಗಂಡನಿಗೆ ಬಿ ಗುಂಪಿನ ಹೆಂಡತಿ, ಇನ್ನೊಂದು ಮನೆಯಲ್ಲಿ ಬಿ ಗುಂಪಿನ ಗಂಡನಿಗೆ ಎ ಗುಂಪಿನ ಹೆಂಡತಿ ಕೊಡಲು ಸಿದ್ಧರಿದ್ದಾರೆ ಎನ್ನೋಣ. ಅದಲು ಬದಲು ಮಾಡಿದರೆ ಇಬ್ಬರಿಗೂ ಕಿಡ್ನಿ ಸಿಗುತ್ತದೆ. ಕೇಳಲು ಸುಲಭ, ಆದರೆ ಈ ಎರಡು ಮನೆಗಳು ಪರಸ್ಪರ ಗೊತ್ತಾಗುವುದು ಹೇಗೆ? 2004ರಲ್ಲಿ ಆಲ್ವಿನ್ ರಾಥ್, ತೈಫುನ್ ಸೊನ್ಮೆಜ್, ಉತ್ಕು ಉನ್ವರ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೆ ಲೆಕ್ಕದ ಕ್ರಮವನ್ನು ರೂಪಿಸಿದರು. ಹಣ ಕೈ ಬದಲಾಗದ ಸಂತೆ ಅದು. ರಾಥ್ 2012ರಲ್ಲಿ ಲಾಯ್ಡ್ ಶೇಪ್ಲಿಯವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪಡೆದರು.

ಈ ಲೆಕ್ಕದ ಸಾರವನ್ನು ಗುಮಾಸ್ತಗಿರಿಯ ಭಾಷೆಯಲ್ಲೇ ಹೇಳುತ್ತೇವೆ. ಒಂದು ಪಟ್ಟಿಯಲ್ಲಿ 10 ಜೋಡಿಗಳಿದ್ದರೆ ಎರಡೆರಡಾಗಿ ಹೋಲಿಸಿ ನೋಡಲು 45 ಅವಕಾಶ. ಅಂತಹ ಎರಡು ಪಟ್ಟಿಗಳು ಬೇರೆ ಬೇರೆ ಇದ್ದರೆ ಒಟ್ಟು 90. ಎರಡನ್ನೂ ಸೇರಿಸಿ 20 ಜೋಡಿಗಳ ಒಂದೇ ಪಟ್ಟಿ ಮಾಡಿದರೆ 190! ಪಟ್ಟಿ ಹರಿದಷ್ಟೂ ಹೊಂದಾಣಿಕೆ ಕಳೆದುಹೋಗುತ್ತದೆ. ಒಂದೊಂದು ಆಸ್ಪತ್ರೆ, ಒಂದೊಂದು ರಾಜ್ಯ ತನ್ನ ಪಟ್ಟಿಯನ್ನು ತನ್ನಲ್ಲೇ ಇಟ್ಟುಕೊಂಡರೆ ನಷ್ಟ ರೋಗಿಗಳಿಗೆ. ಗಡಿಯ ಎರಡೂ ಕಡೆ ಬಂಧುಗಳಿರುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಲು ಬದಲಿನಲ್ಲಿ ನಾಲ್ಕೂ ಶಸ್ತ್ರಚಿಕಿತ್ಸೆಗಳನ್ನು ಸಾಧಾರಣವಾಗಿ ಒಂದೇ ಹೊತ್ತಿಗೆ ನಡೆಸುತ್ತಾರೆ. ಮೊದಲ ಮನೆ ಪಡೆದ ಮೇಲೆ ತಾವು ಕೊಡುವುದಿಲ್ಲ ಎಂದರೆ ಕೋರ್ಟಿಗೆ ಹೋಗಿ ಕಿಡ್ನಿ ವಸೂಲಿ ಮಾಡಲಾಗದಲ್ಲ! ನಾಲ್ಕು ಶಸ್ತ್ರಚಿಕಿತ್ಸಾ ಕೊಠಡಿ, ಅಷ್ಟು ವೈದ್ಯರ ತಂಡ ಬೇಕು. ಅಹಮದಾಬಾದಿನಲ್ಲಿ ಡಾ. ಎಚ್. ಎಲ್. ತ್ರಿವೇದಿಯವರು ಕಟ್ಟಿದ ಕಿಡ್ನಿ ಸಂಸ್ಥೆ 2013ರ ವಿಶ್ವ ಕಿಡ್ನಿ ದಿನದ ಅಂಗವಾಗಿ ಇಂತಹ 10 ಕಸಿಗಳನ್ನು ನಡೆಸಿದೆ. ಅಂದರೆ ನಮ್ಮ ದೇಶದಲ್ಲಿ ಆಗದ ಕೆಲಸವಲ್ಲ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿ ಇದಕ್ಕೆ ಅವಕಾಶ ಕೊಟ್ಟಿದೆ. ಎರಡೂ ಕಡೆ ಕೊಡುವವರು ತಮ್ಮ ತಮ್ಮ ರೋಗಿಗೆ ಹತ್ತಿರದ ಸಂಬಂಧಿಗಳಾಗಿರಬೇಕು, ಪ್ರಾಧಿಕಾರ ಸಮಿತಿಯ ಒಪ್ಪಿಗೆ ಬೇಕು. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರ ಜೊತೆಗೆ ಅಜ್ಜ ಅಜ್ಜಿ, ಮೊಮ್ಮಕ್ಕಳನ್ನೂ ಅದೇ ತಿದ್ದುಪಡಿ ಹತ್ತಿರದ ಸಂಬಂಧಿಗಳೆಂದು ಸೇರಿಸಿತು. ಭಾವ, ಸೋದರಮಾವ ಇವರು ಆ ಪಟ್ಟಿಯಲ್ಲಿಲ್ಲ.

ಮೆದುಳು ನಿಷ್ಕ್ರಿಯರಾದವರ ಅಂಗಗಳ ಹಂಚಿಕೆ ರಾಜ್ಯವಾರು ನಡೆಯುತ್ತದೆ. ಕರ್ನಾಟಕದಲ್ಲಿ ಜೀವಸಾರ್ಥಕತೆ, ಕಾಸರಗೋಡು ವಯನಾಡಿನವರಿಗೆ ಕೇರಳದ ಕೆ-ಸೋಟ್ಟೊ, ನೀಲಗಿರಿ ಹೊಸೂರು ತಾಳವಾಡಿಗೆ ತಮಿಳುನಾಡಿನ ಟ್ರಾನ್ಸ್‌ಟಾನ್. ಆಂಧ್ರ ಮತ್ತು ತೆಲಂಗಾಣ ಎರಡರಲ್ಲೂ ಜೀವನದಾನ್ ಎಂಬ ಹೆಸರೇ, ಆದರೆ ಬೇರೆ ಬೇರೆ ಪಟ್ಟಿ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು ಪುಣೆಯ ವಲಯ ಸಮಿತಿಗೆ ಸೇರುತ್ತಾರೆ. ಗೋವಾದ ಕಚೇರಿ ಬಾಂಬೋಲಿಯ ವೈದ್ಯಕೀಯ ಕಾಲೇಜಿನಲ್ಲಿದೆ. ನೋಂದಣಿಯನ್ನು ನಾವೇ ಹೋಗಿ ಮಾಡಿಸುವಂತಿಲ್ಲ, ಕಸಿ ಪರವಾನಗಿ ಇರುವ ಆಸ್ಪತ್ರೆಯ ಮೂಲಕವೇ ಆಗಬೇಕು.

2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಾಸಸ್ಥಳದ ಷರತ್ತು ಬೇಡ, ನೋಂದಣಿ ಶುಲ್ಕ ಬೇಡ, 65 ವರ್ಷದ ಮಿತಿಯೂ ಬೇಡ ಎಂದು ರಾಜ್ಯಗಳಿಗೆ ತಿಳಿಸಿತು. ಪ್ರತಿ ರೋಗಿಗೂ ಒಂದು ರಾಷ್ಟ್ರೀಯ ಗುರುತಿನ ಸಂಖ್ಯೆ, ಆಸ್ಪತ್ರೆ ಬದಲಿಸಿದರೂ ಅದೇ ಮುಂದುವರಿಯುತ್ತದೆ ಎಂದೂ ಹೇಳಿತು. ಆದರೆ ಆರೋಗ್ಯ ರಾಜ್ಯದ ವಿಷಯ. ಹೊರರಾಜ್ಯದವರಿಗೆ ಸರದಿಯಲ್ಲಿ ಯಾವ ಸ್ಥಾನ ಎಂಬುದನ್ನು ನೋಂದಣಿಗೆ ಮುನ್ನವೇ ಆಸ್ಪತ್ರೆಯ ಕಸಿ ಸಂಯೋಜಕರಲ್ಲಿ ಬಾಯಿಬಿಟ್ಟು ಕೇಳಿರಿ.

ಕೊನೆಯದಾಗಿ ಕಾಗದಪತ್ರ. ಮನೆಯವರೇ ಕೊಡುವಾಗ ಸಂಬಂಧವನ್ನು ದಾಖಲೆಯಲ್ಲಿ ತೋರಿಸಬೇಕು. ನಮ್ಮ ಕಡೆ ಒಬ್ಬರದೇ ಹೆಸರು ಪಡಿತರ ಚೀಟಿಯಲ್ಲಿ ಮರಾಠಿಯಲ್ಲಿ ಒಂದು ಥರ, ಆಧಾರದಲ್ಲಿ ಇನ್ನೊಂದು ಥರ, ಶಾಲೆಯ ದಾಖಲೆಯಲ್ಲಿ ಕನ್ನಡದಲ್ಲಿ ಮತ್ತೊಂದು ಥರ ಇರುವುದು ಸಾಮಾನ್ಯ. ತವರಿನ ಹೆಸರಿಗೂ ಮದುವೆಯ ನಂತರದ ಹೆಸರಿಗೂ ಕೊಂಡಿಯೇ ಇರುವುದಿಲ್ಲ. ಕಸಿಯ ಮಾತು ಶುರುವಾದ ದಿನವೇ ಇವನ್ನು ಹೊಂದಿಸಲು ಕೈಹಾಕಿರಿ. ತಿದ್ದುಪಡಿ ಅರ್ಜಿ ತುಂಬುವುದು ಗೊತ್ತಾಗದಿದ್ದರೆ ದಾಖಲೆಗಳ ಪ್ರತಿ ಹಿಡಿದು ಸಂಘದ ಕಚೇರಿಗೆ ಬನ್ನಿರಿ, ನಾವು ಕುಳಿತು ತುಂಬಿಕೊಡುತ್ತೇವೆ.