ಸ್ಪರ್ಶಪರದೆಯ ಸಾಧನಗಳಲ್ಲಿ ಸ್ಕ್ರೀನ್ ರೀಡರ್

ಸ್ಕ್ರೀನ್ ರೀಡರ್ ಅಥವಾ ಪರದೆ ವಾಚಕ ಎಂಬುದು ಗಣಕಯಂತ್ರ, ಮೊಬೈಲ್ ಫೋನ್ ಮೊದಲಾದವುಗಳ ಪರದೆಯ ಮೇಲಿರುವ ಪಠ್ಯ, ಗುಂಡಿ, ಕೊಂಡಿ ಇತ್ಯಾದಿಗಳನ್ನು ಧ್ವನಿಯ ಅಥವಾ ಬ್ರೈಲ್ ಲಿಪಿಯ ಮೂಲಕ ತಿಳಿಸುವ ತಂತ್ರಾಂಶವಾಗಿದೆ. ಅಂಧರು ಹಾಗೂ ಮಂದದೃಷ್ಟಿಯುಳ್ಳವರು ಇದನ್ನು ಬಳಸುತ್ತಾರೆ. ಸ್ಪರ್ಶಪರದೆಯ ಫೋನುಗಳಲ್ಲಿ ಆಪಲ್ ಸಂಸ್ಥೆಯ ವಾಯ್ಸ್‌ಓವರ್ ಮತ್ತು ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಪ್ರಮುಖವಾದವು.

ಹಿನ್ನೆಲೆ

ಗುಂಡಿಗಳಿದ್ದ ಫೋನುಗಳಲ್ಲಿ 5ನೆಯ ಅಂಕಿಯ ಮೇಲಿನ ಉಬ್ಬುಗುರುತನ್ನು ಮುಟ್ಟಿ ಉಳಿದ ಅಂಕಿಗಳ ಸ್ಥಾನವನ್ನು ತಿಳಿಯಬಹುದಾಗಿತ್ತು. ನುಣುಪಾದ ಗಾಜಿನ ಪರದೆಯಲ್ಲಿ ಅಂತಹ ಆಧಾರವಿಲ್ಲ. ಮೇಲಾಗಿ, ಹುಡುಕಲೆಂದು ಮುಟ್ಟಿದ ಬೆರಳೇ ಆಜ್ಞೆಯನ್ನೂ ನೀಡಿಬಿಡುತ್ತದೆ. ಹುಡುಕುವ ಸ್ಪರ್ಶವನ್ನೂ ಆಜ್ಞೆ ನೀಡುವ ಸ್ಪರ್ಶವನ್ನೂ ಬೇರ್ಪಡಿಸುವುದೇ ಈ ಸಮಸ್ಯೆಗೆ ದೊರೆತ ಪರಿಹಾರ. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ‘ಸ್ಲೈಡ್ ರೂಲ್’ ಎಂಬ ಪ್ರಾಯೋಗಿಕ ವಿಧಾನವನ್ನು ಪ್ರಕಟಿಸಿದರು. 2009ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದ ಐಫೋನ್ 3ಜಿಎಸ್, ವಾಯ್ಸ್‌ಓವರ್ ಹೊಂದಿದ್ದ ಮೊದಲ ಐಫೋನ್ ಆಗಿತ್ತು. ಆಂಡ್ರಾಯ್ಡ್‌ನಲ್ಲಿ ಪರದೆಯನ್ನು ಸ್ಪರ್ಶದಿಂದ ಅರಿಯುವ ಸೌಲಭ್ಯವು 2011ರಲ್ಲಿ 4.0 ಆವೃತ್ತಿಯೊಂದಿಗೆ ಬಂದಿತು.

ಬಳಸುವ ವಿಧಾನ

ಸ್ಕ್ರೀನ್ ರೀಡರ್ ಚಾಲನೆಯಲ್ಲಿರುವಾಗ ಮುಖ್ಯ ಸಂಜ್ಞೆಗಳು ಹೀಗಿವೆ:

• ಒಂದು ಬೆರಳನ್ನು ಪರದೆಯ ಮೇಲೆ ಆಡಿಸಿದರೆ ಅದರ ಕೆಳಗಿರುವ ಅಂಶದ ಹೆಸರು ಕೇಳಿಸುತ್ತದೆ. ಆದರೆ ಅದು ತೆರೆದುಕೊಳ್ಳುವುದಿಲ್ಲ.
• ಬಲಕ್ಕೆ ಸರಿಸಿದರೆ ಮುಂದಿನ ಅಂಶಕ್ಕೂ, ಎಡಕ್ಕೆ ಸರಿಸಿದರೆ ಹಿಂದಿನ ಅಂಶಕ್ಕೂ ಹೋಗಬಹುದು.
• ಪರದೆಯ ಯಾವ ಭಾಗದಲ್ಲಾದರೂ ಎರಡು ಬಾರಿ ತಟ್ಟಿದರೆ ಕೊನೆಯದಾಗಿ ಕೇಳಿಸಿದ ಅಂಶ ಕಾರ್ಯರೂಪಕ್ಕೆ ಬರುತ್ತದೆ.
• ಪುಟವನ್ನು ಮೇಲೆ ಕೆಳಗೆ ಸರಿಸಲು ಟಾಕ್‌ಬ್ಯಾಕ್‌ನಲ್ಲಿ ಎರಡು ಬೆರಳನ್ನೂ ವಾಯ್ಸ್‌ಓವರ್‌ನಲ್ಲಿ ಮೂರು ಬೆರಳನ್ನೂ ಬಳಸಲಾಗುತ್ತದೆ.

ದೃಷ್ಟಿಯುಳ್ಳವರು ಇಡೀ ಪುಟವನ್ನು ಒಂದೇ ನೋಟದಲ್ಲಿ ಗ್ರಹಿಸಿದರೆ, ಸ್ಕ್ರೀನ್ ರೀಡರ್ ಬಳಸುವವರು ಅದನ್ನು ಒಂದರ ನಂತರ ಒಂದಾಗಿ ಕೇಳಬೇಕಾಗುತ್ತದೆ. ಆದ್ದರಿಂದ ಶೀರ್ಷಿಕೆಯಿಂದ ಶೀರ್ಷಿಕೆಗೆ, ಕೊಂಡಿಯಿಂದ ಕೊಂಡಿಗೆ ನೆಗೆಯುವ ವ್ಯವಸ್ಥೆಯೂ ಇದೆ. ವಾಯ್ಸ್‌ಓವರ್‌ನಲ್ಲಿ ಎರಡು ಬೆರಳುಗಳನ್ನು ಗುಬುಟು ತಿರುಗಿಸುವಂತೆ ತಿರುಗಿಸಿ ಈ ಆಯ್ಕೆಯನ್ನು ಮಾಡಲಾಗುತ್ತದೆ; ಇದಕ್ಕೆ ‘ರೋಟರ್’ ಎಂದು ಹೆಸರು. ಬರೆಯುವಾಗ ಕೀಲಿಮಣೆಯ ಮೇಲೆ ಬೆರಳಾಡಿಸಿ, ಬೇಕಾದ ಅಕ್ಷರ ಕೇಳಿಸಿದೊಡನೆ ಬೆರಳನ್ನು ಎತ್ತಬಹುದು ಅಥವಾ ಎರಡು ಬಾರಿ ತಟ್ಟಬಹುದು. ಪರದೆಯ ಮೇಲೆಯೇ ಆರು ಚುಕ್ಕೆಗಳ ಬ್ರೈಲ್ ವಿಧಾನದಲ್ಲಿ ಬರೆಯುವ ಸೌಲಭ್ಯವು 2014ರಲ್ಲಿ ಐಫೋನ್‌ಗೆ, 2020ರಲ್ಲಿ ಟಾಕ್‌ಬ್ಯಾಕ್‌ಗೆ ಸೇರಿತು.

ಕನ್ನಡದಲ್ಲಿ

ಕನ್ನಡ ಪಠ್ಯವನ್ನು ಓದಿಸಲು ಕನ್ನಡ ಧ್ವನಿಸಂಶ್ಲೇಷಕ ಅಗತ್ಯ. ಗೂಗಲ್‌ನ ಧ್ವನಿ ಸೇವೆಯೂ ಮುಕ್ತ ತಂತ್ರಾಂಶವಾದ ಇಸ್ಪೀಕ್ ಎನ್‌ಜಿಯೂ ಕನ್ನಡವನ್ನು ಓದಬಲ್ಲವು. ಆದರೆ ಚಿತ್ರರೂಪದಲ್ಲಿ ಹಂಚಿದ ಕನ್ನಡ ಪ್ರಕಟಣೆಯಲ್ಲಿ ಅಕ್ಷರಗಳೇ ಇರುವುದಿಲ್ಲವಾದ್ದರಿಂದ ಅದನ್ನು ನೇರವಾಗಿ ಓದಿಸಲಾಗದು. ಮೊದಲು ಅಕ್ಷರಗಳನ್ನು ಗುರುತಿಸುವ ತಂತ್ರಾಂಶದ ನೆರವು ಬೇಕಾಗುತ್ತದೆ.

ತೊಡಕುಗಳು

ಅಭಿವೃದ್ಧಿಗಾರರು ಗುಂಡಿಗೆ ಹೆಸರು ನೀಡದಿದ್ದರೆ ಸ್ಕ್ರೀನ್ ರೀಡರ್ ಅದನ್ನು ಕೇವಲ ‘ಗುಂಡಿ’ ಎಂದು ಓದಬಹುದು. ಆಗ ಹಣ ಕಳುಹಿಸುವ ಗುಂಡಿ ಯಾವುದು, ರದ್ದುಪಡಿಸುವ ಗುಂಡಿ ಯಾವುದು ಎಂಬುದು ತಿಳಿಯದು. ಧ್ವನಿಯಿಲ್ಲದ ಸ್ಪರ್ಶಪರದೆಯ ಕಾರ್ಡ್ ಯಂತ್ರಗಳಲ್ಲಿ ಗುಪ್ತಸಂಖ್ಯೆಯನ್ನು ಬೇರೆಯವರಿಗೆ ಹೇಳಿ ಒತ್ತಿಸಬೇಕಾದ ಸ್ಥಿತಿ ಬರುತ್ತದೆ. ಇದರಿಂದ ಗೋಪ್ಯತೆಗೆ ಧಕ್ಕೆಯಾಗುತ್ತದೆ.

ಕಾನೂನು

ಭಾರತದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 42ನೆಯ ಪ್ರಕರಣವು ಮಾಹಿತಿ ಮತ್ತು ಸಂಪರ್ಕ ತಂತ್ರಜ್ಞಾನವು ಅಂಗವಿಕಲರಿಗೆ ಎಟುಕುವಂತಿರಬೇಕೆಂದು ವಿಧಿಸುತ್ತದೆ. ಗ್ರಾಹಕರ ಗುರುತು ದೃಢೀಕರಣದಲ್ಲಿ ಕಣ್ಣು ಮಿಟುಕಿಸುವಂತಹ ಕ್ರಮಗಳಿಂದ ಅಂಧರಿಗೂ ಆ್ಯಸಿಡ್ ದಾಳಿಗೊಳಗಾದವರಿಗೂ ಆಗುತ್ತಿದ್ದ ತೊಂದರೆಯ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲ್ 30ರಂದು ತೀರ್ಪು ನೀಡಿತು. ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿಯಲ್ಲಿರುವ ಜೀವಿಸುವ ಹಕ್ಕಿನ ಅಂಗವೆಂದು ಹೇಳಿ, ಬದಲಿ ಕ್ರಮಗಳನ್ನು ಒದಗಿಸುವಂತೆ ನಿರ್ದೇಶಿಸಿತು.